ಆಟಿ ಮೂವತ್ತು

ಹತ್ತು ನಿಮಿಷ ಮಾತಾಡಲು ನಾನು ಹನ್ನೆರಡು ದಿನ ತಯಾರಿ ಮಾಡಿದ್ದೆ. ಕೇಳಿದವರು ನಗಬಹುದು, ನಗಲಿ. ಮೂಡುಬಿದಿರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಕೊನೆಯ ವರ್ಷದ ಸೆಮಿನಾರಿನಲ್ಲಿ, ನಾಲ್ಕನೇ ಸ್ಲೈಡಿಗೇ ಬಾಯಿ ಒಣಗಿ, ಮುಂದಿನ ಮಾತು ಮರೆತು, ಅರವತ್ತು ಜನರಿಗೆ ಕೈಮುಗಿದು ಬಾಗಿಲಿನಿಂದ ಹೊರಗೆ ಓಡಿದವಳು ನಾನು. ಆ ತರಗತಿಯ ಯಾರ ಮದುವೆಗೂ ನಾನು ಈವರೆಗೆ ಹೋಗಿಲ್ಲ.

ಈಗ ಬಂಟ್ವಾಳದ ಕಚೇರಿಯೊಂದರಲ್ಲಿ ಕಿರಿಯ ಇಂಜಿನಿಯರ್. ನನ್ನ ಪಾಲಿಗೆ ಬಂದದ್ದು ಕಿಂಡಿ ಅಣೆಕಟ್ಟುಗಳು. ಹೊಳೆಗೆ ಅಡ್ಡವಾಗಿ ಸಾಲು ಕಂಬ ಕಟ್ಟಿ, ಕಂಬಗಳ ನಡುವಿನ ಕಿಂಡಿಗೆ ಮಳೆ ಮುಗಿದ ಮೇಲೆ ಹಲಗೆ ಇಳಿಸುತ್ತಾರೆ. ನೀರು ನಿಲ್ಲುತ್ತದೆ, ಸುತ್ತಲಿನ ಬಾವಿಗಳಲ್ಲಿ ಒರತೆ ಉಳಿಯುತ್ತದೆ. ಕೇಳಲು ಬಹಳ ಸುಲಭ. ಆದರೆ ಹಲಗೆ ಇಳಿಸಲು ಗುತ್ತಿಗೆದಾರ ಬರಬೇಕು, ಆಳು ಸಿಗಬೇಕು, ವಾರ ಹಿಡಿಯಬೇಕು. ನಾರಾವಿಯ ಅಣೆಕಟ್ಟಿಗೆ ಪ್ರತಿ ವರ್ಷ ಹಲಗೆ ಬೀಳುವುದು ಡಿಸೆಂಬರ್ ಇಪ್ಪತ್ತರ ಹೊತ್ತಿಗೆ. ಅಷ್ಟರಲ್ಲಿ ನೀರೆಲ್ಲ ಹರಿದು ಹೋಗಿರುತ್ತದೆ. ಮಾರ್ಚ್ ಬರುವಾಗ ಅಲ್ಲಿನ ನಲವತ್ತು ಬಾವಿಗಳ ತಳ ಕಾಣುತ್ತದೆ.

ಈ ವರ್ಷ ಚಕ್ರ ತಿರುಗಿಸಿ ಇಳಿಸುವ ಹೊಸ ಬಾಗಿಲು ಬಂದಿತ್ತು. ಇಬ್ಬರು ನಿಂತರೆ ಒಂದು ಗಂಟೆಯ ಕೆಲಸ, ಬೇಕಾದ ದಿನ ಇಳಿಸಬಹುದು. ಆದರೆ ಬಂದದ್ದು ಒಂದು ಅಣೆಕಟ್ಟಿಗೆ ಸಾಕಾಗುವಷ್ಟು, ಕೇಳುವವರು ಮೂರು ಊರಿನವರು. ಸೆಪ್ಟೆಂಬರ್ ಐದಕ್ಕೆ ಬೆಳ್ತಂಗಡಿಯಲ್ಲಿ ಸಮಿತಿಯ ಸಭೆ. ಮೂವರು ಇಂಜಿನಿಯರುಗಳು ತಲಾ ಹತ್ತು ನಿಮಿಷ ಮಾತಾಡಬೇಕು. ನಾರಾವಿಯ ಪರವಾಗಿ ಮಾತಾಡುವುದು ನಾನು, ನಿಖಿತಾ, ಸೆಮಿನಾರಿನಿಂದ ಓಡಿದವಳು.

ನನ್ನ ಬಳಿ ಉಳಿದಿಬ್ಬರ ಬಳಿ ಇಲ್ಲದ್ದೊಂದು ಇತ್ತು. ಮಾರ್ಚಿನಲ್ಲಿ ನಾರಾವಿಗೆ ಹೋಗಿದ್ದಾಗ ಅಣೆಕಟ್ಟಿನ ಪಕ್ಕದ ಗದ್ದೆಯ ಧರ್ಣಪ್ಪಣ್ಣ ಅಕ್ಕಿಯ ಗೋಣಿಯಲ್ಲಿ ಹತ್ತೊಂಬತ್ತು ನೋಟುಪುಸ್ತಕ ತಂದು ನನ್ನೆದುರು ಇಟ್ಟಿದ್ದರು. ವಯಸ್ಸು ಅರವತ್ತೆಂಟು, ಮೂರು ಮುಡಿ ಬೀಜ ಬಿತ್ತುವಷ್ಟು ಗದ್ದೆ, ಮಾತು ಕಡಿಮೆ.

"ಅಣೆಕಟ್ಟು ಕಟ್ಟಿದ ವರ್ಷ ಒಬ್ರು ಇಂಜಿನಿಯರ್ ಹೇಳಿದ್ರು, ದಿನಾ ಬಾವಿಯ ನೀರು ಅಳೆದು ಬರೆದಿಡಿ, ನಾವು ಬಂದು ನೋಡ್ತೇವೆ ಅಂತ," ಎಂದರು. "ನೀವು ಬಂದದ್ದು ಒಳ್ಳೆದಾಯ್ತು ಮೇಡಂ."

ಹತ್ತೊಂಬತ್ತು ವರ್ಷ ಎಂದರೆ ಸ್ವಲ್ಪ ತಡವಾಯಿತು ಅಷ್ಟೇ ಎನ್ನುವ ಹಾಗೆ ಹೇಳಿದರು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೊಂದು ಗೇಣಿಗೆ ಒಂದು ಗಂಟು ಹಾಕಿದ ಹಗ್ಗವನ್ನು ಬೆಳಿಗ್ಗೆ ಬಾವಿಗೆ ಬಿಟ್ಟು, ಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಎಂದು ಎಣಿಸಿ ಬರೆದದ್ದು. ಜ್ವರವಿದ್ದ ದಿನವೂ ಬರೆದಿದ್ದಾರೆ. ಮಗಳ ಮದುವೆಯ ದಿನವೂ ಬರೆದಿದ್ದಾರೆ. ನಾನು ಎರಡು ತಿಂಗಳು ಕೂತು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ಅವರು ಬರೆದ ತುಳು ತಿಂಗಳುಗಳನ್ನು ನಮ್ಮ ಜನವರಿ, ಫೆಬ್ರವರಿಗೆ ಬದಲಾಯಿಸಿ ಗ್ರಾಫ್ ಮಾಡಿದೆ. ಗ್ರಾಫ್ ನೋಡಿದಾಗ ನನಗೇ ಮೈ ಜುಮ್ಮೆಂದಿತು. ನವೆಂಬರ್ ಹತ್ತರಿಂದ ಬಾವಿಗಳು ಇಳಿಯತೊಡಗುತ್ತವೆ, ಹಲಗೆ ಬೀಳುವುದು ಡಿಸೆಂಬರ್ ಇಪ್ಪತ್ತಕ್ಕೆ. ನಲವತ್ತು ದಿನ ಸುಮ್ಮನೆ ಪೋಲು.

ನಮ್ಮ ಮೇಲಧಿಕಾರಿ ವೆಂಕಟೇಶ್ವರ ಭಟ್ಟರು ಮಾತಿನ ಪಾಠ ಹೇಳಿದರು. "ಮೊದಲ ವಾಕ್ಯದಲ್ಲೇ ಎಂತ ಬೇಕು ಅಂತ ಹೇಳು. ಒಂದು ಚಿತ್ರದಲ್ಲಿ ಒಂದೇ ವಿಷಯ. ಪರದೆ ನೋಡಿ ಓದಬೇಡ, ಅವರಿಗೂ ಓದಲಿಕ್ಕೆ ಬರ್ತದೆ. ಕೊನೆಯ ಸಾಲಿನಲ್ಲಿ ಕೂತವನಿಗೆ ಹೇಳು, ಉಳಿದವರಿಗೆ ತಾನಾಗಿ ಕೇಳ್ತದೆ." ನಾನು ಎಲ್ಲವನ್ನೂ ಬರೆದುಕೊಂಡೆ. ಪುತ್ತಿಗೆಯ ನಮ್ಮ ಮನೆಯಲ್ಲಿ ಕನ್ನಡಿಯೆದುರು ಹೇಳಿದೆ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ, ನನ್ನ ಧ್ವನಿ ಕೇಳಿ ನನಗೇ ಅಳು ಬಂತು. ಅಮ್ಮ ರಾಜೀವಿ ಬೀಡಿ ಕಟ್ಟುತ್ತಾ ಮೂರು ಸಲ ಕೇಳಿದರು.

"ಚಂದ ಆಗ್ತದೆ," ಎಂದರು. "ಎಂತ ಹೇಳಿದ್ದು ಅಂತ ಮಾತ್ರ ಗೊತ್ತಾಗ್ಲಿಲ್ಲ."

ಅದಕ್ಕೇ ಸಭೆಗೆ ಒಂಬತ್ತು ದಿನ ಮೊದಲು ನಾರಾವಿಗೆ ಹೋಗಿ, ಧರ್ಣಪ್ಪಣ್ಣನ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಅವರೊಬ್ಬರಿಗೇ ಪೂರ್ತಿ ಹೇಳಿದೆ. ಎಲ್ಲೂ ತಡವರಿಸಲಿಲ್ಲ. ಹತ್ತು ನಿಮಿಷಕ್ಕೆ ಸರಿಯಾಗಿ ಮುಗಿಯಿತು. ಅವರು ಕೈಕಟ್ಟಿ ಕೂತು ಪರದೆಯನ್ನೇ ನೋಡಿದರು. ಮುಗಿದ ಮೇಲೂ ಬಹಳ ಹೊತ್ತು ನೋಡಿದರು. ಒಂದು ಮಾತೂ ಆಡಲಿಲ್ಲ. ಅವರು ಬೆರಗಾಗಿದ್ದಾರೆ ಎಂದುಕೊಂಡು ನಾನು ಖುಷಿಯಿಂದ ಬಸ್ಸು ಹತ್ತಿದೆ. ಅಷ್ಟು ಚೆನ್ನಾಗಿ ನಾನು ಜೀವನದಲ್ಲಿ ಮಾತಾಡಿರಲಿಲ್ಲ.

ಸಭೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಗುರುವಾಯನಕೆರೆಯಲ್ಲಿ ಇಳಿದಾಗ ನನ್ನ ಹೊಟ್ಟೆಯಲ್ಲಿ ಒಂದು ತುತ್ತೂ ಇರಲಿಲ್ಲ. ಧರ್ಣಪ್ಪಣ್ಣ ಆಗಲೇ ಬಂದು ಮೂಸಬ್ಬರ ಹೋಟೆಲಿನ ಮುಂದೆ ನಿಂತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಚೀಲ. ಸಮಿತಿಯವರು ಮೂಲ ಪುಸ್ತಕ ಕೇಳಿದರೆ ಇರಲಿ ಎಂದು ನಾನೇ ಅವರನ್ನು ಬರಹೇಳಿದ್ದೆ. ಸಭೆ ಹನ್ನೊಂದಕ್ಕೆ, ಬೆಳ್ತಂಗಡಿಗೆ ಅಲ್ಲಿಂದ ಹತ್ತು ನಿಮಿಷ. ಒಳಗೆ ಕೂತು ಚಾ ಹೇಳಿದೆವು.

ಚೀಲದಿಂದ ಈ ವರ್ಷದ ಪುಸ್ತಕ ತೆಗೆದು ಕೊನೆಯ ಪುಟ ತಿರುವಿದೆ. 'ಸೋಣ 11' ಎಂಬ ತುಳು ತಾರೀಕಿಗೆ ಬರವಣಿಗೆ ನಿಂತಿತ್ತು. ಆಮೇಲೆ ಬರೀ ಗೆರೆಗಳು. ವಿಚಿತ್ರ ಎನಿಸಿತು. ಆದರೆ ನನ್ನ ತಲೆಯಲ್ಲಿ ಮೊದಲ ವಾಕ್ಯ ತಿರುಗುತ್ತಿತ್ತು, ಕೇಳಲಿಲ್ಲ.

ಮೂಸಬ್ಬರು ಗೋಳಿಬಜೆಯ ತಟ್ಟೆ ಇಡಲು ಬಂದವರು ಮೇಜಿನ ಮೇಲಿದ್ದ ಬಣ್ಣದ ಹಾಳೆ ನೋಡಿ ನಿಂತರು.

"ಇದೆಂತ ಮೇಡಂ, ಗುಡ್ಡೆಯ ಚಿತ್ರವಾ?"

"ಗುಡ್ಡೆಯಲ್ಲ, ನಾರಾವಿಯ ಬಾವಿಯ ನೀರು," ಎಂದೆ. ಹೇಳಿ ಅಭ್ಯಾಸವಾಗಲಿ ಎಂದು ಗ್ರಾಫಿನ ತುದಿಗೆ ಬೆರಳಿಟ್ಟೆ. "ಆರು ವರ್ಷದ ಹಿಂದೆ ಹೊಳೆ ಉಕ್ಕಿ ಜನ ದಾಟುವ ಸಂಕ ಮುಳುಗಿತಲ್ಲ, ಅದು ಇಲ್ಲಿ. ಜುಲೈ ಮೂವತ್ತು."

"ಜುಲೈಯಾ? ಇಲ್ಲ ಇಲ್ಲ." ಮೂಸಬ್ಬರು ತಲೆ ಅಲ್ಲಾಡಿಸಿದರು. "ನನ್ನ ಹೆಂಡತಿಯ ಮನೆ ನಾರಾವಿಯಲ್ಲೇ. ಸಂಕ ಮುಳುಗಿದ್ದು ಧ್ವಜಾರೋಹಣದ ದಿನ. ನನ್ನ ಮಗಳು ಶಾಲೆಯಲ್ಲಿ ಕೊಟ್ಟ ಲಾಡು ಕೈಯಲ್ಲಿ ಹಿಡ್ಕೊಂಡು ಆಚೆ ದಡದಲ್ಲಿ ಸಂಜೆವರೆಗೆ ಕೂಗ್ತಾ ಇದ್ಲು. ಅದನ್ನು ಮರೀಲಿಕ್ಕೆ ಆಗ್ತದಾ?"

ನಾನು ಧರ್ಣಪ್ಪಣ್ಣನ ಮುಖ ನೋಡಿದೆ. ಅವರು ಚಾದ ಲೋಟ ನೋಡುತ್ತಿದ್ದರು.

"ಹೌದಾ ಧರ್ಣಪ್ಪಣ್ಣ?"

"ಹೌದಿರಬೇಕು," ಎಂದರು, ತುಂಬ ಸಣ್ಣ ಧ್ವನಿಯಲ್ಲಿ.

ಚೀಲದಿಂದ ಆ ವರ್ಷದ ಪುಸ್ತಕ ಎಳೆದೆ. 'ಆಟಿ 30. ಕಟ್ಟೆಯವರೆಗೆ ನೀರು. ಸಂಕ ಮುಳುಗಿತು.' ಸರಿಯಾಗಿಯೇ ಇತ್ತು. ಆಟಿ ಮೂವತ್ತು, ಜುಲೈ ಮೂವತ್ತು. ಆಟಿ ಎಂದರೆ ಜುಲೈ ತಾನೇ? ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಕ್ಯಾಲೆಂಡರ್ ಇತ್ತು. ಎದ್ದು ಹೋಗಿ ನೋಡಿದೆ. ಸೆಪ್ಟೆಂಬರ್ ಐದು, ಅಂದರೆ ಇವತ್ತಿನ ಚೌಕದ ಕೆಳಗೆ ಸಣ್ಣ ಅಕ್ಷರದಲ್ಲಿ 'ಸೋಣ 20' ಎಂದಿತ್ತು. ಸೋಣವನ್ನು ನಾನು ಆಗಸ್ಟ್ ಎಂದು ಹಾಕಿದ್ದೆ. ಹಾಳೆ ಹಿಂದಕ್ಕೆ ಮಗುಚಿದೆ. ಜುಲೈ ಹದಿನೇಳರ ಕೆಳಗೆ 'ಆಟಿ 1'. ಆಗಸ್ಟ್ ಹದಿನೈದರ ಕೆಳಗೆ 'ಆಟಿ 30'.

ತುಳು ತಿಂಗಳು ಶುರುವಾಗುವುದು ಸಂಕ್ರಮಣದ ಮಾರನೆಯ ದಿನ, ನಮ್ಮ ತಿಂಗಳ ನಡುವಿನಲ್ಲಿ. ಇದು ನಮ್ಮ ಕಡೆ ಎಲ್ಲ ಅಜ್ಜಿಯಂದಿರಿಗೂ ಗೊತ್ತು. ನನಗೆ ಗೊತ್ತಿದ್ದ ತುಳು ತಿಂಗಳು ಆಟಿ ಒಂದೇ. ಅದೂ ಕಾಲೇಜಿನಲ್ಲಿ ಜುಲೈ ಕೊನೆಗೆ ಸೀರೆ ಉಟ್ಟು ಪತ್ರೊಡೆ ತಿಂದು ಫೋಟೋ ತೆಗೆಸಿಕೊಳ್ಳುವ ಕಾರ್ಯಕ್ರಮದಿಂದ. ಅದನ್ನೇ ನಂಬಿ ಆಟಿಗೆ ಜುಲೈ, ಸೋಣಕ್ಕೆ ಆಗಸ್ಟ್ ಎಂದು ಹನ್ನೆರಡು ತಿಂಗಳನ್ನೂ ಸಾಲಾಗಿ ಹೊಂದಿಸಿಬಿಟ್ಟಿದ್ದೆ. ಹತ್ತೊಂಬತ್ತು ವರ್ಷದ ಪ್ರತಿಯೊಂದು ದಿನವೂ ಹದಿನೈದು ಹದಿನಾರು ದಿನ ಹಿಂದಕ್ಕೆ ಸರಿದು ಕೂತಿತ್ತು.

ಅಲ್ಲೇ ಬೆಂಚಿನಲ್ಲಿ ಕೂತೆ. ಬಾವಿಗಳು ಇಳಿಯತೊಡಗುವುದು ನವೆಂಬರ್ ಹತ್ತಕ್ಕಲ್ಲ, ಇಪ್ಪತ್ತೈದಕ್ಕೆ. ಪೋಲಾಗುವುದು ನಲವತ್ತು ದಿನವಲ್ಲ, ಇಪ್ಪತ್ತೈದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು.

"ಧರ್ಣಪ್ಪಣ್ಣ, ನಿಮ್ಮ ಬೈಲಿನ ಕೊಯ್ಲು ಯಾವಾಗ ಮುಗಿಯುವುದು?"

"ತಗ್ಗಿನ ಗದ್ದೆಯದ್ದು ಜಾರ್ದೆ ಐದಾರಕ್ಕೆ."

ಕ್ಯಾಲೆಂಡರ್ ನೋಡಿದೆ. ನವೆಂಬರ್ ಇಪ್ಪತ್ತು, ಇಪ್ಪತ್ತೊಂದು. ನನ್ನ ವರದಿಯ ಆರನೇ ಪುಟದಲ್ಲಿ, ಗ್ರಾಫಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಪ್ರತಿ ವರ್ಷ ನವೆಂಬರ್ ಹತ್ತಕ್ಕೆ ಬಾಗಿಲು ಇಳಿಸತಕ್ಕದ್ದು. ಆ ದಿನ ಬಾಗಿಲು ಇಳಿಸಿದರೆ ನಿಂತ ಪೈರಿನ ಮೇಲೆ ನೀರು ಏರುತ್ತದೆ. ಮೊದಲು ಮುಳುಗುವುದು ಈ ಮನುಷ್ಯನ ಗದ್ದೆ. ಇದನ್ನು ನಾನು ಬಣ್ಣದಲ್ಲಿ ಅಚ್ಚು ಹಾಕಿಸಿದ್ದೆ.

ಮೂಸಬ್ಬರು ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ನನ್ನ ಪಕ್ಕದಲ್ಲಿಟ್ಟರು. "ಇಟ್ಕೊಳ್ಳಿ ಮೇಡಂ. ಚಾ ಮೊದಲು ಕುಡೀರಿ."

ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಮೂವತ್ತೊಂದು ಶೇಕಡ. ಬೆರಳುಗಳು ತಪ್ಪು ಅಕ್ಷರ ಒತ್ತುತ್ತಿದ್ದವು. ಪ್ರತಿ ತುಳು ತಿಂಗಳ ಮೊದಲ ದಿನ ಯಾವ ತಾರೀಕು ಎಂದು ಕ್ಯಾಲೆಂಡರ್ ನೋಡಿ ಹಾಕಿದೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗುತ್ತದೆ, ಅದನ್ನು ಹಾಗೆಯೇ ಒಪ್ಪಿಕೊಂಡು ಕೆಳಗೆ ಬರೆದೆ. ಗ್ರಾಫ್ ಇಡಿಯಾಗಿ ಬಲಕ್ಕೆ ಸರಿಯಿತು. ಸಂಕ ಮುಳುಗಿದ ತುದಿ ಆಗಸ್ಟ್ ಹದಿನೈದಕ್ಕೆ ಹೋಗಿ ಕೂತಿತು. ಗಂಟೆ ಹತ್ತೂ ಹತ್ತು.

ಭಟ್ಟರಿಗೆ ಫೋನ್ ಮಾಡಿದೆ. ಅವರು ಆಗಲೇ ಬೆಳ್ತಂಗಡಿ ತಲುಪಿದ್ದರು. ಎಲ್ಲ ಹೇಳಿದೆ.

"ನಿಖಿತಾ, ತಲೆ ಸರಿ ಉಂಟಾ?" ಎಂದರು. "ಅಚ್ಚಾದ ವರದಿ ನಿನ್ನೆಯೇ ಹೋಗಿ ಆಗಿದೆ. ಏಳು ಜನರ ಕೈಯಲ್ಲಿ ಉಂಟು."

"ಸರ್, ಅದರಲ್ಲಿ ಇದ್ದ ಹಾಗೆ ಮಾಡಿದ್ರೆ ಪೈರು ಹೋಗ್ತದೆ."

"ಮೊದಲು ಬಾಗಿಲು ಬರ್ಲಿ ಮಾರಾಯ್ತಿ. ಯಾವಾಗ ಇಳಿಸುವುದು ಅಂತ ಆಮೇಲೆ ನೋಡುವ. ಉಳಿದ ಎರಡು ಊರಿನವರೂ ಮೂವತ್ತು ದಿನದ ಮೇಲೆ ಹೇಳ್ತಾರೆ, ನನಗೆ ಗೊತ್ತುಂಟು. ನೀನು ಹೋಗಿ ಇಪ್ಪತ್ತೈದು ಅಂದ್ರೆ ನಮ್ಮದು ಮೂರನೆಯದಾಗ್ತದೆ. ನಾರಾವಿಯವರಿಗೆ ನೀನು ಒಳ್ಳೆಯದು ಮಾಡುವುದಾ, ಕೆಟ್ಟದು ಮಾಡುವುದಾ?"

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಅರ್ಥವೂ ಇತ್ತು. ಅದೇ ನನಗೆ ಕಷ್ಟವಾದದ್ದು. ಆದರೆ ಆದೇಶದಲ್ಲಿ ಒಮ್ಮೆ ಅಚ್ಚಾದ ತಾರೀಕನ್ನು ಬದಲಾಯಿಸುವುದು ಎಷ್ಟು ಕಷ್ಟ ಎಂದು ಈ ಕಚೇರಿಯ ಎರಡು ವರ್ಷದಲ್ಲಿ ನಾನೂ ಕಲಿತಿದ್ದೆ. ಗುತ್ತಿಗೆಯ ಕಾಗದದಲ್ಲಿ ಡಿಸೆಂಬರ್ ಇಪ್ಪತ್ತು ಎಂಬುದೂ ಹಾಗೆ ಯಾರೋ ಒಮ್ಮೆ ಬರೆದದ್ದೇ.

ಬಸ್ಸಿನಲ್ಲಿ ಧರ್ಣಪ್ಪಣ್ಣ ನನ್ನ ಪಕ್ಕ ಕೂತು ಚೀಲವನ್ನು ಮಡಿಲಲ್ಲಿ ಹಿಡಿದುಕೊಂಡಿದ್ದರು. ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ನಿಜವಾಗಿ ಪ್ರಾರ್ಥಿಸಿದೆ. ಅದು ಎಂಟೇ ನಿಮಿಷದಲ್ಲಿ ತಲುಪಿಸಿತು.

ಸಭಾಂಗಣದಲ್ಲಿ ಸಮಿತಿಯ ಏಳು ಜನ ಸಾಲಾಗಿ ಕೂತಿದ್ದರು. ನಡುವಿನವರು ಅಧ್ಯಕ್ಷರು, ದೇವಿಪ್ರಸಾದ್ ಎಂಬ ಹಿರಿಯ ಇಂಜಿನಿಯರ್. ಕೈಯಲ್ಲಿ ಕೆಂಪು ಪೆನ್ನು. ಮೂರನೇ ಸ್ಲೈಡಿಗೇ ಜನರನ್ನು ನಿಲ್ಲಿಸಿ ಕೂರಿಸುತ್ತಾರೆ ಎಂದು ಹೆಸರು. ಪ್ರತಿಯೊಬ್ಬರ ಮುಂದೆಯೂ ನನ್ನ ನೀಲಿ ಹೊದಿಕೆಯ ವರದಿ. ಮೊದಲನೆಯವರು ಪರದೆಯ ಅಕ್ಷರಗಳನ್ನೇ ಇಪ್ಪತ್ತು ನಿಮಿಷ ಓದಿದರು. ಅವರು ಇನ್ನೂ ಒಂದು ಗಂಟೆ ಓದಿದರೂ ನಾನು ಕೇಳುತ್ತಿದ್ದೆ. ಮೂವತ್ತೈದು ದಿನ ಎಂದು ಹೇಳಿ ಮುಗಿಸಿದರು. ಆಮೇಲೆ ನನ್ನ ಹೆಸರು ಕರೆದರು.

ಎದ್ದೆ. ಭಟ್ಟರು ಗೋಡೆಯ ಬಳಿಯಿಂದ ನಾಲ್ಕು ಬೆರಳು ತೋರಿಸಿದರು, ನಲವತ್ತು ಎಂದು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಾಯಿ ಒಣಗಿತು, ಸೆಮಿನಾರಿನ ದಿನದ ಹಾಗೆಯೇ. ಬಾಗಿಲು ಎಡಗಡೆ ಹತ್ತು ಹೆಜ್ಜೆಯಲ್ಲಿ ಇತ್ತು. ಹನ್ನೆರಡು ದಿನ ಉರು ಹೊಡೆದ ಮೊದಲ ವಾಕ್ಯ ನಾಲಿಗೆಯ ತುದಿಯಲ್ಲಿತ್ತು: ನಾರಾವಿಯ ಬಾವಿಗಳಿಗೆ ನಲವತ್ತು ದಿನ ವಾಪಸ್ ಕೊಡಿ. ಕೊನೆಯ ಸಾಲಿನಲ್ಲಿ ಧರ್ಣಪ್ಪಣ್ಣ ಕೂತಿದ್ದರು. ಕೊನೆಯ ಸಾಲಿನವನಿಗೆ ಹೇಳು ಎಂದು ಭಟ್ಟರೇ ಹೇಳಿದ್ದರಲ್ಲ.

"ನಿಮ್ಮ ಕೈಯಲ್ಲಿರುವ ವರದಿಯ ಆರನೇ ಪುಟ ತಪ್ಪು," ಎಂದೆ. "ತಪ್ಪು ಮಾಡಿದ್ದು ನಾನು. ಇವತ್ತು ಬೆಳಿಗ್ಗೆ ಗೊತ್ತಾಯ್ತು."

ಭಟ್ಟರು ಬೆರಳು ಮಡಚಿದರು. ಏಳು ಜನರು ಪುಟ ಮಗುಚುವ ಸದ್ದು ಕೇಳಿಸಿತು. ದೇವಿಪ್ರಸಾದರು ಆರನೇ ಪುಟಕ್ಕೆ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದು, "ಮುಂದೆ ಹೇಳಿ," ಎಂದರು.

ಮುಂದೆ ಏನು ಹೇಳುವುದೆಂದು ನಾನು ಅಭ್ಯಾಸ ಮಾಡಿರಲಿಲ್ಲ. ಅರ್ಧ ಸ್ಲೈಡುಗಳನ್ನು ಹಾರಿಸಿ, ಧರ್ಣಪ್ಪಣ್ಣನ ಕೈಬರಹದ ಪುಟದ ಫೋಟೋ ತೋರಿಸಿದೆ. ಆಟಿ 30, ಸಂಕ ಮುಳುಗಿತು. ಅದನ್ನು ನಾನು ಜುಲೈ ಎಂದು ಓದಿದ್ದು, ಅದು ಧ್ವಜಾರೋಹಣದ ದಿನವಾಗಿದ್ದದ್ದು, ಎಲ್ಲ ಹೇಳಿದೆ. ಎರಡು ಸಲ ಮಾತು ನಿಂತಿತು. ನಿಂತಾಗ ನೀರು ಕುಡಿದೆ.

ಸಮಿತಿಯ ಒಬ್ಬರು ನಕ್ಕರು. "ಎಂತ ಮೇಡಂ, ನೀವು ತುಳುವಿನವರೇ ಅಲ್ವಾ? ಇಷ್ಟೂ ಗೊತ್ತಿಲ್ವಾ?"

"ತುಳುವಿನವಳಾದ್ದಕ್ಕೇ ತಪ್ಪಿದ್ದು ಸರ್. ಹೊರಗಿನವಳಾಗಿದ್ರೆ ಯಾರನ್ನಾದ್ರೂ ಕೇಳ್ತಿದ್ದೆ. ನನಗೆ ಗೊತ್ತುಂಟು ಅಂತ ಯಾರನ್ನೂ ಕೇಳ್ಲಿಲ್ಲ."

ಅವರು ನಗು ನಿಲ್ಲಿಸಿದರು. ನಾನು ಹೊಸ ಗ್ರಾಫ್ ತೋರಿಸಿದೆ. ಸಿಗುವುದು ನಲವತ್ತು ದಿನವಲ್ಲ, ಇಪ್ಪತ್ತೈದು ಎಂದೆ. ಬಾಗಿಲು ಇಳಿಸಬೇಕಾದದ್ದು ನವೆಂಬರ್ ಇಪ್ಪತ್ತೈದಕ್ಕೆ, ಕೊಯ್ಲು ಮುಗಿದ ಮೇಲೆ. ನಾನು ಮೊದಲು ಬರೆದ ದಿನ ಇಳಿಸಿದ್ದರೆ ತಗ್ಗಿನ ಗದ್ದೆಗಳಲ್ಲಿ ಪೈರು ಮುಳುಗುತ್ತಿತ್ತು. ಮೊದಲು ಮುಳುಗುತ್ತಿದ್ದದ್ದು ಈ ಲೆಕ್ಕ ಬರೆದವರದ್ದೇ ಗದ್ದೆ. ಅವರು ಹಿಂದೆ ಕೂತಿದ್ದಾರೆ ಎಂದೆ. ನನ್ನ ಹತ್ತು ನಿಮಿಷದಲ್ಲಿ ಆರೇ ನಿಮಿಷ ಆಗಿತ್ತು. ಇನ್ನು ಹೇಳಲು ಏನೂ ಉಳಿದಿರಲಿಲ್ಲ.

ದೇವಿಪ್ರಸಾದರು ಕನ್ನಡಕ ತೆಗೆದು ಕೊನೆಯ ಸಾಲಿನತ್ತ ನೋಡಿದರು.

"ನಿಮ್ಮ ಹೆಸರು?"

ಧರ್ಣಪ್ಪಣ್ಣ ಚೀಲ ಎದೆಗೆ ಹಿಡಿದು ಎದ್ದು ನಿಂತು ಹೆಸರು ಹೇಳಿದರು.

"ಈ ಆರನೇ ಪುಟ ನೀವು ಮೊದಲೇ ನೋಡಿದ್ರಾ?"

"ನೋಡಿದ್ದೆ ಸರ್. ಒಂಬತ್ತು ದಿನ ಆಯ್ತು. ಮೇಡಂ ಮನೆಗೆ ಬಂದು ತೋರಿಸಿದ್ರು."

"ತಪ್ಪು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು." ಶಾಲೆಯ ಕನ್ನಡವನ್ನು ಒಂದೊಂದೇ ಶಬ್ದ ಹುಡುಕಿ ಆಡುತ್ತಿದ್ದರು. "ತಪ್ಪು ನನ್ನದು ಅಂತ ಅಂದುಕೊಂಡೆ. ಮೇಡಂ ಕಂಪ್ಯೂಟರಿನಲ್ಲಿ ಹಾಕಿ, ಬಣ್ಣ ಕೊಟ್ಟು, ಎಲ್ಲಿಯೂ ನಿಲ್ಲದೆ ಹೇಳಿದ್ರು. ಅಷ್ಟು ಚಂದ ಹೇಳಿದ್ದು ತಪ್ಪಾಗ್ಲಿಕ್ಕೆ ಉಂಟಾ? ನಾನೇ ಇಷ್ಟು ವರ್ಷ ದಿನ ತಪ್ಪಿ ಬರೆದೆ, ಸಂಕ ಮುಳುಗಿದ ದಿನವೂ ನನಗೆ ಸರಿ ನೆನಪಿಲ್ಲ ಅಂತ ಆಯ್ತು. ಆಮೇಲೆ ಅಳೀಲಿಕ್ಕೆ ಮನಸ್ಸು ಬರ್ಲಿಲ್ಲ. ಬಿಟ್ಟುಬಿಟ್ಟೆ."

ಸೋಣ ಹನ್ನೊಂದು. ನಾನು ಅವರ ಜಗಲಿಯಲ್ಲಿ ತಡವರಿಸದೆ ಮಾತಾಡಿದ ದಿನ. ಖಾಲಿ ಗೆರೆಗಳು ಈಗ ಅರ್ಥವಾದವು. ಜ್ವರಕ್ಕೆ ನಿಲ್ಲದ್ದು, ಮಗಳ ಮದುವೆಗೆ ನಿಲ್ಲದ್ದು ನನ್ನ ಒಂದು ಒಳ್ಳೆಯ ಭಾಷಣಕ್ಕೆ ನಿಂತಿತ್ತು. ನನಗೆ ನೆಲದೊಳಗೆ ಇಳಿದು ಹೋಗಬೇಕೆನಿಸಿತು. ಸೆಮಿನಾರಿನಿಂದ ಓಡಿದ ದಿನ ಆದದ್ದು ಬರೀ ನಾಚಿಕೆ. ಇದು ಬೇರೆ. ಓಡಲಿಲ್ಲ, ಓಡಿ ಎಲ್ಲಿಗೆ ಹೋಗುವುದು? ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.

ಮೂರನೆಯವರು ಮೂವತ್ತೆರಡು ದಿನ ಎಂದು ಹೇಳಿದ್ದು ನನಗೆ ಅರ್ಧ ಕೇಳಿಸಿತು. ಒಂದೂ ಕಾಲಿಗೆ ದೇವಿಪ್ರಸಾದರು ಪೆನ್ನಿಗೆ ಮುಚ್ಚಳ ಹಾಕಿದರು.

"ಬಾಗಿಲು ಯಾವಾಗ ಇಳಿಸಬೇಕು ಅಂತ ಮೂವರೂ ಹೇಳಿದ್ರಿ," ಎಂದರು. "ಯಾವ ದಿನ ಇಳಿಸಿದ್ರೆ ಯಾರ ಗದ್ದೆ ಮುಳುಗ್ತದೆ ಅಂತ ಹೇಳಿದ್ದು ಒಬ್ರೇ. ಉಳಿದ ಎರಡು ಕಡೆ ಅದನ್ನು ನೋಡ್ಲೇ ಇಲ್ಲ. ಈ ವರ್ಷ ನಾರಾವಿಗೆ ಕೊಡುವ. ಆರನೇ ಪುಟ ಸರಿ ಮಾಡಿ ಮೂರು ದಿನದಲ್ಲಿ ಕಳಿಸಿ. ಮತ್ತೆ, ಬಾವಿ ಅಳೆಯುವುದು ನಿಲ್ಲಬಾರ್ದು."

ಹೊರಗೆ ಭಟ್ಟರು ನನ್ನ ಬಳಿ ಬಂದು, "ಒಂಬತ್ತನೇ ಸ್ಲೈಡ್ ನೀನು ತೋರಿಸ್ಲೇ ಇಲ್ಲ," ಎಂದು ಹೇಳಿ ಜೀಪು ಹತ್ತಿದರು.

ನಾನು ಬಂಟ್ವಾಳಕ್ಕೆ ಹೋಗಲಿಲ್ಲ. ಧರ್ಣಪ್ಪಣ್ಣನ ಜೊತೆ ಗುರುವಾಯನಕೆರೆಗೆ ಬಂದು, ಮೂಸಬ್ಬರಿಗೆ ಕ್ಯಾಲೆಂಡರ್ ವಾಪಸ್ ಕೊಟ್ಟು, ನಾರಾವಿಯ ಬಸ್ಸು ಹತ್ತಿದೆ. ದಾರಿಯಲ್ಲಿ ಕ್ಷಮೆ ಕೇಳಿದೆ. ಅವರು, "ಬಾಗಿಲು ಸಿಕ್ಕಿತಲ್ಲ ಮೇಡಂ, ಇನ್ನೆಂತ?" ಎಂದು ಕಿಟಕಿಯ ಹೊರಗೆ ನೋಡಿದರು. ಬಾಗಿಲು ಸಿಕ್ಕಿದ ಖುಷಿ ನನಗೆ ಇನ್ನೂ ಬಂದಿರಲಿಲ್ಲ.

ಅವರ ಮನೆ ತಲುಪಿದಾಗ ಮೂರೂವರೆ. ಇಸ್ತ್ರಿಯ ಅಂಗಿಯಲ್ಲೇ ಅವರು ಬಾವಿಕಟ್ಟೆಗೆ ಹೋದರು. ಗಂಟಿನ ಹಗ್ಗ ಗೂಟದಲ್ಲಿ ಒಣಗಿ ನೇತಾಡುತ್ತಿತ್ತು. ಬಗ್ಗಿ ಹಗ್ಗ ಬಿಟ್ಟರು, ಎಳೆದರು, ಬೆರಳಿನಿಂದ ಗಂಟು ಎಣಿಸಿದರು.

"ನಾಲ್ಕು ಗಂಟು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸರಿ ಉಂಟಲ್ಲ ಮೇಡಂ?"

ಹತ್ತೊಂಬತ್ತು ವರ್ಷ ಈ ಮನುಷ್ಯ ಯಾರನ್ನೂ ಇದನ್ನು ಕೇಳಿರಲಿಲ್ಲ.

"ನನ್ನನ್ನು ಕೇಳ್ಬೇಡಿ ಧರ್ಣಪ್ಪಣ್ಣ," ಎಂದೆ. "ಹಗ್ಗ ನಿಮ್ಮ ಕೈಯಲ್ಲಿ ಉಂಟು."

ಅವರು ತಲೆಯಾಡಿಸಿ, ಹಗ್ಗವನ್ನು ಇನ್ನೊಮ್ಮೆ ಬಾವಿಗೆ ಬಿಟ್ಟು ಮತ್ತೆ ಎಣಿಸಿದರು. ನಾಲ್ಕೇ. ಕಟ್ಟೆಯ ಮೇಲೆ ಪುಸ್ತಕ ಇಟ್ಟು, ತಪ್ಪಿದ ಎಂಟು ದಿನಗಳ ಗೆರೆಗಳನ್ನು ಖಾಲಿ ಬಿಡದೆ ಹನ್ನೊಂದರ ಕೆಳಗೇ 'ಸೋಣ 20' ಎಂದು ಬರೆದರು. ಬರೆದು ಮುಗಿಸಿ, ಪುಸ್ತಕವನ್ನು ಎರಡೂ ಕೈಯಲ್ಲಿ ನನ್ನತ್ತ ತಿರುಗಿಸಿ ಹಿಡಿದರು, ನಾನು ನೋಡಿ ಸರಿ ಎನ್ನಲಿ ಎಂದು.